ಬಾಗಿಲ ಪಕ್ಕದ ಫರ್ಸಿ

ನನಗೆ ಪಶುವೈದ್ಯ ಕಾಲೇಜಿನಲ್ಲಿ ಸೀಟು ಸಿಕ್ಕಾಗ ಬೇರೆಯವರಾಗಿದ್ದರೆ ಪೇಢೆ ಹಂಚುತ್ತಿದ್ದರು. ನಮ್ಮಪ್ಪ ಕಲ್ಲು ಕೆತ್ತಿಸಿಕೊಂಡು ಬಂದ. ಶಹಾಬಾದಿನವರ ಬುದ್ಧಿಯೇ ಅಷ್ಟು. ನಮಗೆ ನೆಲವೂ ಫರ್ಸಿಕಲ್ಲು, ಗೋಡೆಯೂ ಫರ್ಸಿ, ಕೊಡ ಇಡುವ ಕಟ್ಟೆಯೂ ಫರ್ಸಿ. ಅಪ್ಪ ಇಡೀ ಆಯುಷ್ಯ ಅದೇ ಕಲ್ಲಿಗೆ ಪಾಲಿಶ್ ಹೊಡೆದವನು. ತಂದ ಕಲ್ಲಿನ ಮೇಲೆ ಮೊದಲು ‘ಡಾಕ್ಟರ್’ ಎಂದಿತ್ತು, ಆಮೇಲೆ ನನ್ನ ಹೆಸರು. ನಾನಿನ್ನೂ ಕಾಲೇಜಿನ ಮುಖವನ್ನೇ ನೋಡಿರಲಿಲ್ಲ.

“ಮೊದಲ ಪಾಸರೆ ಆಗ್ಲಿ,” ಅಂದಳು ಅವ್ವ.

“ಎಂದಿದ್ರೂ ಆಗೂದೇ ಅದಲ್ಲ. ಪೇಂಟ ಹಚ್ಚಿದ್ರ ಮಳಿಗಿ ಹೋಗ್ತದ,” ಅಂದ ಅಪ್ಪ, ಅದನ್ನು ಬಾಗಿಲ ಪಕ್ಕದ ಗೋಡೆಗೆ ಸಿಮೆಂಟಿನಲ್ಲಿ ಕೂರಿಸಿಯೇಬಿಟ್ಟ. ನಾನೂ ಹಲ್ಲು ಕಿಸಿದು ಅದರ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡೆ.

ಕೋರ್ಸು ನನಗೆ ಮೊದಲ ವರ್ಷದಲ್ಲೇ ಮಣ್ಣು ಮುಕ್ಕಿಸಿತು. ಮೌಖಿಕ ಪರೀಕ್ಷೆಯಲ್ಲಿ ಕೈಗೊಂದು ಎಲುಬು ಕೊಡುತ್ತಿದ್ದರು. ಯಾವ ಪ್ರಾಣಿಯದು, ಎಡಗಡೆಯದೋ ಬಲಗಡೆಯದೋ, ಈ ತೂತಿನಲ್ಲಿ ಯಾವ ನರ ಹಾಯುತ್ತದೆ, ಎಲ್ಲ ಹೇಳಬೇಕು. ನಾನು ಚಿಕ್ಕಂದಿನಿಂದ ಎಮ್ಮೆ ಹಿಂಡಿದವಳು. ಆದರೆ ಎಮ್ಮೆಯ ಒಳಗೆ ಇಷ್ಟೆಲ್ಲ ಇದೆ ಎಂದು ನಮ್ಮ ಎಮ್ಮೆಗಳು ಒಂದು ದಿನವೂ ಸುಳಿವು ಕೊಟ್ಟಿರಲಿಲ್ಲ. ಕನ್ನಡ ಮಾಧ್ಯಮದವಳು ಎಂಬ ನೆಪವೂ ನನಗಿರಲಿಲ್ಲ. ವಾಡಿಯ ಇಂಗ್ಲಿಷ್ ಶಾಲೆಗೆ ಹೋಗಿ ಬಂದವಳು ನಾನು. ಸೋಮಾರಿತನ ಮಾಡಿದ್ದರೆ ಅದನ್ನಾದರೂ ಬೈದುಕೊಳ್ಳಬಹುದಿತ್ತು. ಕಣ್ಣು ಕೆಂಪಾಗುವಂತೆ ಓದುತ್ತಿದ್ದೆ, ಎಲುಬು ಕೈಗೆ ಬಂದ ಕೂಡಲೇ ತಲೆ ಖಾಲಿಯಾಗುತ್ತಿತ್ತು.

ಫೇಲಾದೆ. ಕಿರಿಯರ ಜೊತೆ ಕೂತು ಅದನ್ನೇ ಮತ್ತೆ ಓದಿದೆ. ಮತ್ತೆ ಫೇಲಾದೆ. ಆಗ ನಮ್ಮ ಮೇಷ್ಟ್ರು ಕರೆದು ಕೂರಿಸಿ ಹೇಳಿದರು, “ಇನ್ನೊಂದೇ ಅವಕಾಶ ಇದೆಯಮ್ಮ. ಅದೂ ಹೋದರೆ ನಿಯಮದ ಪ್ರಕಾರ ಹೊರಗೆ ಹೋಗಲೇಬೇಕು. ಈಗಲೇ ಟಿ.ಸಿ. ತಗೊಂಡರೆ ಡಿಗ್ರಿಗಾದರೂ ಸೇರಬಹುದು, ಅಲ್ಲಿ ಈ ವಾರ ಅಡ್ಮಿಷನ್ ಮುಗಿಯುತ್ತದೆ. ಮನೆಯಲ್ಲಿ ಕೇಳಿಕೊಂಡು ಬಾ.” ಒಳ್ಳೆಯ ಮನುಷ್ಯ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವತ್ತೇ ಊರಿಗೆ ಹೊರಟೆ. ರೈಲು ಶಹಾಬಾದಿಗೆ ಬಂತು. ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದವಳು ಇಳಿಯಲಿಲ್ಲ. ಟಿ.ಸಿ. ತಗೊಂಡರೆ ಆ ಕಲ್ಲನ್ನು ಏನು ಮಾಡುವುದು? ನಗಬೇಡಿ, ನನ್ನ ತಲೆಯಲ್ಲಿ ಇದ್ದದ್ದು ಅದೊಂದೇ. ಬದುಕಿನ ಚಿಂತೆಯೆಲ್ಲ ಒಂದು ಫರ್ಸಿಯ ಮೇಲೆ ಬಂದು ಕೂತಿತ್ತು. ರೈಲು ಹೊರಟಿತು. ತೆರೆದ ಬಾಗಿಲಲ್ಲಿ ನಿಂತಿರಲು ನನಗೆ ನನ್ನದೇ ಹೆದರಿಕೆಯಾಯಿತು. ಒಳಗೆ ಬಂದು ಜನರ ನಡುವೆ ತುರುಕಿಕೊಂಡು ಕೂತೆ. ವಾಡಿಯಲ್ಲಿ ಇಳಿದು ಇನ್ನೊಂದು ಗಾಡಿ ಹತ್ತಿದೆ, ಚಿತ್ತಾಪುರ ದಾಟಿ ಸೇಡಂಗೆ, ಅಪ್ಪನ ತಂಗಿಯ ಮನೆಗೆ ಹೋದೆ.

ಅತ್ತೆ ನನ್ನ ಮುಖ ನೋಡಿ ಚೀಲ ಇಸಿದುಕೊಂಡಳು. ರೊಟ್ಟಿ, ಪುಂಡಿಪಲ್ಯ ಬಡಿಸಿ ಒಳಗೆ ಹೋಗಿ ಅಪ್ಪನಿಗೆ ಫೋನು ಹಚ್ಚಿದಳು. ಮರುದಿನ ಬೆಳಿಗ್ಗೆ ಅಪ್ಪ ಬಂದ. ಎಲ್ಲ ಹೇಳಿದೆ.

“ಇನ್ನೊಂದ ಸಲ ಬರದ ನೋಡು,” ಅಂದ.

“ಬರೀತೀನಿ. ಆವಾಗೂ ಪೇಲ ಆದ್ರ?”

“ಯಾಕಾಗ್ತಿ?”

ನನಗೆ ಸಿಟ್ಟು ನೆತ್ತಿಗೇರಿತು. “ನೀ ಕಲ್ಲ ಕೂಡ್ಸೀದಿ ಅಂತ ನಾ ಪಾಸ ಆಗ್ತೀನೇನು? ಅದನ್ನ ನೋಡಿದ್ರ ಉಸಿರ ಕಟ್ತದ ನಂಗ. ಮನಿಗಿ ಬರಾಕ ಹೆದರ್ಲಿಕತ್ತೀನಿ, ಅಪ್ಪಾ!” ಎಂದು ಕೂಗಿದೆ. ಅಪ್ಪ ನೆಲದ ಫರ್ಸಿಯ ಸಂದಿಯನ್ನು ಹೆಬ್ಬೆರಳಿನಿಂದ ಉಜ್ಜುತ್ತ ಕೂತ. ಮಧ್ಯಾಹ್ನದ ಗಾಡಿಗೆ ಇಬ್ಬರೂ ಶಹಾಬಾದಿಗೆ ಬಂದೆವು.

ಮನೆಯ ಮುಂದೆ, ಸರಿಯಾಗಿ ಆ ಕಲ್ಲಿನ ಕೆಳಗೆ, ಹಿಂದಿನ ಓಣಿಯ ಮುದುಕಿ ತನ್ನ ಆಡನ್ನು ಮಲಗಿಸಿಕೊಂಡು ಕೂತಿದ್ದಳು. ಆಡಿನ ಹೊಟ್ಟೆ ಉಬ್ಬಿ ಒಂದು ಕಡೆ ಬಿಗಿದಿತ್ತು. ನಾನು ಬರುತ್ತೇನೆಂದು ಅವ್ವನಿಂದ ಕೇಳಿದ್ದಳಂತೆ. ಆಸ್ಪತ್ರೆಗೆ ಹೋಗುವುದನ್ನು ಬಿಟ್ಟು ಬೆಳಗಿನಿಂದ ಕಾದಿದ್ದಳು.

“ಬಂದ್ಯಾ ಡಾಕ್ಟರವ್ವಾ? ನಿನ್ನ ಹಾದೀನೇ ಕಾಯ್ಲಿಕತ್ತಿದ್ದೆ. ಜರಾ ನೋಡು ಇದನ್ನ.”

ಮೊಣಕಾಲೂರಿ ಕೂತು ಆಡಿನ ಹೊಟ್ಟೆಯ ಮೇಲೆ ಕೈಯಿಟ್ಟೆ. ಓದಿದ್ದರಲ್ಲಿ ಒಂದಕ್ಷರವೂ ನೆನಪಾಗಲಿಲ್ಲ. ಆಡು ನರಳುತ್ತಿತ್ತು, ಮುದುಕಿ ನನ್ನ ಬಾಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಓಣಿಯವರು ನಾಲ್ಕಾರು ಜನ ಸೇರಿದ್ದರು. ಸತ್ತುಹೋಗಬಾರದೇ ಅನ್ನಿಸಿತು.

ಅಪ್ಪ ಚಪ್ಪಲಿ ಕಳಚಿರಲಿಲ್ಲ. ಎಲ್ಲರಿಗೂ ಕೇಳುವ ಹಾಗೆ ಅಂದ, “ಆಕಿ ಡಾಕ್ಟರ್ ಅಲ್ಲ, ಆಯಿ. ಎರಡ ಸಲ ಪೇಲ ಆಗ್ಯಾಳ. ದನದ ದವಾಖಾನಿಗಿ ನಡಿ, ನಾ ಹೊತ್ಕೊಂಡು ಬರ್ತೀನಿ.”

ಆಡನ್ನು ಹೆಗಲಿಗೇರಿಸಿಕೊಂಡು ನಡೆದೇಬಿಟ್ಟ. ಮುದುಕಿ ಹಿಂದೆ ಓಡಿದಳು. ನಾನು ಹೊಸ್ತಿಲಲ್ಲಿ ಕೂತು, ಓಣಿ ನೋಡುತ್ತಿದೆ ಎಂಬ ಪರಿವೆಯಿಲ್ಲದೆ, ಬಾಯಿ ಬಿಟ್ಟು ಅತ್ತೆ. ನಾಚಿಕೆಯಿಂದ ಅತ್ತೆನೋ, ನಾನು ಹೇಳಲಾರದ್ದನ್ನು ಅಪ್ಪ ಹೇಳಿದನೆಂದು ಅತ್ತೆನೋ, ಇವತ್ತಿಗೂ ತಿಳಿದಿಲ್ಲ.

ಆಡು ಉಳಿಯಿತು. ಅಪ್ಪ ವಾಪಸು ಬಂದವನೇ ಉಳಿ, ಸುತ್ತಿಗೆ ತೆಗೆದುಕೊಂಡು ಕಲ್ಲಿನ ಅಂಚಿನ ಸಿಮೆಂಟು ಒಡೆಯತೊಡಗಿದ.

“ಅಪ್ಪಾ, ಬಿಡ್ತೀನಂತ ನಾ ಇನ್ನಾ ಹೇಳಿಲ್ಲ.”

“ಹೇಳೂದು ನಿಂದು. ಕಲ್ಲ ನಂದು. ನಾನೇ ಹಚ್ಚಿದ್ದೆ, ನಾನೇ ತೆಗೀತೀನಿ.”

ಕಲ್ಲು ಇಡಿಯಾಗಿಯೇ ಕಿತ್ತುಬಂತು, ಒಂದು ಮೂಲೆ ಮುರಿಯಿತಷ್ಟೆ. ಅದನ್ನು ಗೋಡೆಗೆ ಒರಗಿಸಿಟ್ಟು, ಬೆವರು ಒರೆಸಿಕೊಂಡು ಕೇಳಿದ, “ಈಗ ಹೇಳು. ಬರೀತಿಯೋ, ಬಿಡ್ತಿಯೋ?”

ಗೋಡೆಯಲ್ಲಿ ಕಲ್ಲಿದ್ದ ಜಾಗ ಹಸಿಗಾಯದಂತೆ ಕಾಣುತ್ತಿತ್ತು. “ಬಿಡ್ತೀನಿ,” ಅಂದೆ. ಅಪ್ಪ ‘ಹೂಂ’ ಅಂದ. ಮುರಿದ ಮೂಲೆಯನ್ನು ಎತ್ತಿ ಕಲ್ಲಿಗೆ ಕೂಡಿಸಿ ನೋಡಿದ. ಮಾತು ಹಿಂದೆ ತೆಗೆದುಕೊಳ್ಳಲೇ ಅನ್ನಿಸಿತು, ತೆಗೆದುಕೊಳ್ಳಲಿಲ್ಲ.

ಒಳ್ಳೆಯ ಫರ್ಸಿಯನ್ನು ನಮ್ಮೂರಲ್ಲಿ ಯಾರೂ ಎಸೆಯುವುದಿಲ್ಲ. ಅಪ್ಪ ಅದನ್ನು ಬಚ್ಚಲಿಗೆ ಹಾಸಿದ, ಅಕ್ಷರ ಕೆಳಗೆ ಮಾಡಿ, ಒರಟು ಮೈ ಮೇಲೆ ಮಾಡಿ. ನಾನೀಗ ಚಿತ್ತಾಪುರದಲ್ಲಿ ಡಿಗ್ರಿ ಓದುತ್ತಿದ್ದೇನೆ. ದಿನಾ ಬೆಳಿಗ್ಗೆ ಆ ಕಲ್ಲಿನ ಮೇಲೆ ನಿಂತು ಸ್ನಾನ ಮಾಡಿ ಹೊರಡುತ್ತೇನೆ, ಕಾಲು ಜಾರುವುದಿಲ್ಲ. ಅವ್ವನೂ ಅದರ ಮೇಲೆಯೇ ಬಟ್ಟೆ ಒಗೆಯುತ್ತಾಳೆ. ಅಪ್ಪ ಮಾತ್ರ ಚಳಿಯಿರಲಿ, ಮಳೆಯಿರಲಿ, ಬಕೆಟ್ಟು ಹಿಡಿದುಕೊಂಡು ಅಂಗಳಕ್ಕೆ ಹೋಗುತ್ತಾನೆ. ಅದರ ಮೇಲೆ ಅವನು ಇವತ್ತಿನವರೆಗೂ ಕಾಲಿಟ್ಟಿಲ್ಲ.