ಕೌದಿಯ ಮೂಲೆಯ ಹೂ

ಇವತ್ತು ಮುಂಜಾನೆ ಕೌದಿ ಬಿಡಿಸಿದಾಗ ಒಲೆಹೊಗೆಯ ವಾಸನೆ ಮೂಗಿಗೆ ಬಂತು. ಹಿಂದೆಯೇ ಕಾಕಾ ನೆನಪಾದರು. ಆಗ ನನ್ನ ಕೈಯಲ್ಲಿ ಕತ್ತರಿ ಇತ್ತು. ಹೇಳಲು ನಾಚಿಕೆಯಾಗುತ್ತದೆ.

ಹಳೇ ಹುಬ್ಬಳ್ಳಿಯ ಓಣಿಯಲ್ಲಿ ಕಾಕಾರದು ಅರಿವೆ ಅಂಗಡಿ. ಸಾಲಿ ಮುಗಿಸಿದ ಮೇಲೆ ನಾನೂ ಅಲ್ಲೇ ಕೂಡುತ್ತಿದ್ದೆ. ಗರಗದ ಖಾದಿಯ ಜೊತೆಗೆ, ಕಲಘಟಗಿ ಆಚೆಯ ಕಾಡಂಚಿನ ಸಿದ್ದಿ ಹೆಂಗಸರು ಹಳೆ ಸೀರೆಗಳಿಂದ ಹೊಲಿದ ಕೌದಿಗಳನ್ನೂ ಮಾರುತ್ತಿದ್ದೆವು. ಅವರಲ್ಲಿ ಹಿರಿಯರಾದ ದೊಡ್ಡವ್ವ ಗಂಟು ಹೊತ್ತು ಬಸ್ಸಿಗೆ ಬರುತ್ತಿದ್ದರು. ಕಾಕಾ ಅವರಿಗೆ ಕುರ್ಚಿ ಹಾಕಿಸಿ ಚಹಾ ತರಿಸುತ್ತಿದ್ದರು. ಅಷ್ಟಾದರೆ ಮರ್ಯಾದೆ ಮುಗಿಯಿತು ಎಂದು ತಿಳಿದಿದ್ದೆವು...

ಕಾಕಾಗೆ ಅರಿವೆಯಂಚಿನಲ್ಲಿ ಒಂದು ಎಳೆ ಇಣುಕಿದರೂ ಸಹನೆಯಾಗುತ್ತಿರಲಿಲ್ಲ. ಕೌದಿಯ ಮೂಲೆಗಳಲ್ಲಿ ಮುಕ್ಕೋನವಾಗಿ ಮಡಿಚಿದ ಬಣ್ಣದ ತುಣುಕುಗಳು ಚಾಚಿಕೊಂಡಿರುತ್ತಿದ್ದವು. ಗಿರಾಕಿಯೊಬ್ಬರು “ಇವೇನ್ರಿ, ಜೋತಾಡ್ತಾವ” ಎಂದದ್ದೇ ತಡ, ಕಾಕಾ ಕೂತು ಅಷ್ಟನ್ನೂ ಕತ್ತರಿಸಿಬಿಟ್ಟರು. “ಈಗ ನೋಡು, ಎಷ್ಟ್ ಛಲೋ ಕಾಣ್ತಾವ,” ಎಂದರು. ಖರೇ ಹೇಳಬೇಕೆಂದರೆ, ನನಗೂ ಛಲೋ ಕಂಡವು.

ದೊಡ್ಡವ್ವ ಬಂದಾಗ ತುಣುಕುಗಳು ಇನ್ನೂ ಕಸದ ಬುಟ್ಟಿಯಲ್ಲಿದ್ದವು. ಅವರು ಕುರ್ಚಿಯಲ್ಲಿ ಕೂಡಲಿಲ್ಲ. ಒಂದೊಂದೇ ಹೆಕ್ಕಿ ಉಡಿಯಲ್ಲಿ ಹಾಕಿಕೊಂಡರು.

“ಇವು ಹೂವುರಿ, ಸಾವ್ಕಾರ್ರ. ಹೂ ಇಲ್ಲದ ಕೌದಿ ಬತ್ತಲಿ ಇದ್ದಂಗ. ಅಂಥಾದನ್ನ ನಾವು ಯಾರಿಗೂ ಹೊದಸೂದಿಲ್ಲ.”

“ಗಿರಾಕಿ ಕೇಳ್ತಾರಲ್ಲ, ಯವ್ವಾ...”

“ಮಾರ್ರಿ. ಆದ್ರ ಸಿದ್ದಿಯರ ಕೌದಿ ಅಂತ ಹೇಳಬ್ಯಾಡ್ರಿ.”

ತಂದ ಗಂಟನ್ನು ಬಿಚ್ಚದೆಯೇ ಎತ್ತಿಕೊಂಡು ಹೋದರು. ಆಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ.

“ಕುರ್ಚಿ ಹಾಕಿದೆ, ಚಹಾ ಕೊಟ್ಟೆ. ಇದೇನಂತ ಒಂದ್ ಮಾತು ನಾ ಕೇಳಲಿಲ್ಲ ನೋಡು,” ಎಂದು ಕಾಕಾ ಒಮ್ಮೆ ಉಣ್ಣುವಾಗ ತಮ್ಮಷ್ಟಕ್ಕೇ ಅಂದುಕೊಂಡರು. ಕೊನೆಗೆ ಕತ್ತರಿಸಿದ ಕೌದಿಗಳನ್ನು ಕಟ್ಟಿಕೊಂಡು ದೊಡ್ಡವ್ವನ ಊರಿಗೇ ಹೊರಟರು, ಜೊತೆಗೆ ನಾನೂ. ಅಂಗಳದಲ್ಲಿ ಕಾಕಾ ಗಂಟು ಬಿಚ್ಚಿ ಕೌದಿಗಳನ್ನು ಹರವಿದರು. ದೊಡ್ಡವ್ವ ಒಳಗಿನಿಂದ ಆ ತುಣುಕುಗಳನ್ನೂ ಸೂಜಿದಾರವನ್ನೂ ತಂದು ಮುಂದಿಟ್ಟರು.

“ಕುಂದರ್ರಿ. ತೋರಸ್ತೇನಿ.”

ಹೆಂಗಸರ ನಡುವೆ, ಒಲೆಹೊಗೆಯಲ್ಲಿ, ಸಾರಿಸಿದ ನೆಲದ ಮೇಲೆ ಕೂತು ಕಾಕಾ ಸಂಜೆವರೆಗೆ ಹೂ ಹೊಲಿದರು. ಬೆರಳಿಗೆ ಚುಚ್ಚಿಕೊಂಡಾಗಲೆಲ್ಲ ಹೆಂಗಸರು ನಗುತ್ತಿದ್ದರು, ಕಾಕಾ ತಲೆ ಎತ್ತುತ್ತಿರಲಿಲ್ಲ. ಹೊರಡುವಾಗ, “ಇನ್ನಮ್ಯಾಲ ಒಂದ್ ಎಳಿ ತೆಗೀಬೇಕಂದ್ರೂ ನಿಮ್ಮನ್ನ ಕೇಳೇ ತೆಗೀತೇನ್ರಿ,” ಎಂದರು.

“ನೋಡೂಣು,” ಎಂದರು ದೊಡ್ಡವ್ವ. ಮತ್ತೆ ಗಂಟು ಬರತೊಡಗಿತು.

ಈಗ ಅಂಗಡಿ ನನ್ನದು. ಕೌದಿ ತರುವವರು ದೊಡ್ಡವ್ವನ ಮಗಳು. ನಿನ್ನೆ ಬೈರಿದೇವರಕೊಪ್ಪದ ಗಿರಾಕಿಯೊಬ್ಬರು, “ಮೂಲ್ಯಾಗಿನ ತುಣುಕು ತೆಗದ ಕೊಡ್ರಿ, ಒಗಿಯೂ ಮಷೀನ್ಯಾಗ ಸಿಕ್ಕೋತಾವ,” ಎಂದರು. ಹೂಂ ಎಂದುಬಿಟ್ಟೆ. ಕಾಕಾ ಕತ್ತರಿಸಿದ್ದು ತಿಳಿಯದೆ. ನಾನು ಹೂಂ ಎಂದದ್ದು ಎಲ್ಲ ತಿಳಿದೂ. ಆ ಹೊಗೆಯ ವಾಸನೆ ಬರದಿದ್ದರೆ ಕತ್ತರಿಸಿಯೇ ತೀರುತ್ತಿದ್ದೆ.

ಗಿರಾಕಿಗೆ ಫೋನ್ ಮಾಡಿ, ಆಗುವುದಿಲ್ಲರೀ ಎಂದೆ. ಆದರೂ ನಾಚಿಕೆ ಇಳಿದಿಲ್ಲ. ಕಾಕಾ ಇಲ್ಲ. ನೋಡೂಣು ಎಂದ ದೊಡ್ಡವ್ವನೂ ಇಲ್ಲ... ಅವರು ನೋಡಬೇಕಾಗಿದ್ದದ್ದು ಕಾಕಾರನ್ನಲ್ಲ, ನನ್ನನ್ನೇ.