ಎಣಿಸದೆ ಕುರಿ ಕಾಯುತ್ತಿದ್ದ ಅಜ್ಜ

ಅಜ್ಜನ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ದಳವಾಗಿ ಬೆಳೆದಿತ್ತು. ಉಣ್ಣೆ ಕತ್ತರಿಸುವಾಗ ಎಂದೋ ಕತ್ತರಿ ಬಡಿದದ್ದಂತೆ. ಅದು ಯಾವ ಕೈ? ಎಡಗೈ ಇರಬೇಕು. ಒಪ್ಪಿಗೆ ಪತ್ರಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ರೂಢಿ. ಆ ಸೀಳಿನೊಳಗೆ ಪ್ಯಾಡಿನ ನೀಲಿ ಶಾಯಿ ಇಳಿದದ್ದು, ಅಜ್ಜ ಅದನ್ನು ಪಂಚೆಯ ಅಂಚಿಗೆ ಉಜ್ಜಿಕೊಂಡದ್ದು ನನ್ನ ಕಣ್ಣ ಮುಂದೆ ಇದೆ. ಆದ್ದರಿಂದ ಎಡಗೈ. ಹೀಗೆ ತರ್ಕ ಹೂಡಿ ನೆನಪನ್ನು ರಿಪೇರಿ ಮಾಡಿಕೊಳ್ಳುವುದು ವಿಶ್ವವಿದ್ಯಾಲಯ ನನಗೆ ಕಲಿಸಿದ ಚಟ.

ಆಗ ನನಗೆ ಬೇರೆಯವರ ಚಟಗಳ ಲೆಕ್ಕ ಹಾಕುವ ಕೆಲಸವಿತ್ತು. ಜೂಜಿಗೆ ಜನ ಯಾಕೆ ಬೀಳುತ್ತಾರೆ, ಬಿದ್ದ ಮೇಲೆ ಯಾರಿಗೆ ಏನೇನು ಹಾನಿಯಾಗುತ್ತದೆ ಎಂದು ತಿಳಿಯಲು ಒಂದು ಸಂಶೋಧನೆ ನಡೆಯುತ್ತಿತ್ತು. ನಾನು ಅದರಲ್ಲಿ ಊರೂರು ತಿರುಗಿ ಪ್ರಶ್ನೆ ಕೇಳುವವನು. ಚಳ್ಳಕೆರೆಯಲ್ಲಿ ಒಂದು ಎಣ್ಣೆ ಮಿಲ್ಲಿನ ಹಿಂದೆ ರೂಮು ಮಾಡಿದ್ದೆ. ಬೆಳಿಗ್ಗೆ ರಾಂಪುರದ ಬಸ್ಸು, ಅಲ್ಲಿಂದ ದೇವಸಮುದ್ರದ ಕಡೆಗೆ ಇನ್ನೊಂದು. ನನ್ನ ಅಂಗಿಗೆ ಅಂಟಿದ ಶೇಂಗಾ ಹಿಂಡಿಯ ವಾಸನೆ ಬಸ್ಸು ಇಳಿದ ಮೇಲೂ ಜೊತೆಗೇ ಬರುತ್ತಿತ್ತು.

ಅಜ್ಜನನ್ನು ನನಗೆ ತೋರಿಸಿದವರು ರಸ್ತೆ ಬದಿಯ ಚಹದಂಗಡಿಯಲ್ಲಿ ಕುಳಿತಿದ್ದವರು. ಜೂಜು ಎಂದ ಕೂಡಲೇ ಒಬ್ಬ ಮೊಬೈಲು ಕೆಳಗಿಟ್ಟ, ಇನ್ನೊಬ್ಬ ಅಂಗಿಯ ಜೇಬಿನ ಮೇಲೆ ಕೈ ಇಟ್ಟುಕೊಂಡ. ಜೇಬಿನಲ್ಲಿ ಇಸ್ಪೀಟಿನ ಕಟ್ಟಿನ ಆಕಾರ ಚೆನ್ನಾಗಿಯೇ ಕಾಣುತ್ತಿತ್ತು.

"ನಾವ್ಯಾರೂ ಆಡಲ್ಲಪ್ಪ. ಅಗಾ, ಅಲ್ಲಿ ಕುರಿ ಕಾಯ್ತಾನಲ್ಲ, ಅವನ್ನ ಕೇಳು. ಬಿಟ್ಟೋರು ನಿಜ ಹೇಳ್ತಾರೆ."

ಅಜ್ಜ ಕೋಲನ್ನು ಹೆಗಲ ಮೇಲೆ ಅಡ್ಡ ಇಟ್ಟು, ಎರಡೂ ಕೈಗಳನ್ನು ಅದರ ಮೇಲೆ ಇಳಿಬಿಟ್ಟು ನಿಂತಿದ್ದ. ಕುರಿಗಳು ಅವನವಲ್ಲ. ಬೇರೆಯವರ ಹಿಂಡನ್ನು ಕೂಲಿಗೆ ಕಾಯುತ್ತಿದ್ದ. ಕುರಿಗಳ ಜೊತೆ ತೆಲುಗು, ನನ್ನ ಜೊತೆ ಕನ್ನಡ. ಯಾಕಜ್ಜ ಎಂದರೆ, "ಅವಕ್ಕೆ ಕನ್ನಡ ಬರಲ್ಲ ಸಾಮಿ" ಎಂದು ನನ್ನದೇ ತಪ್ಪು ಎನ್ನುವಂತೆ ನೋಡಿದ. ಅವತ್ತೇ ನನಗೆ ಬರಿಯೋ ಸಾಮಿ ಎಂದು ಹೆಸರಿಟ್ಟ.

ಹೆಬ್ಬೆಟ್ಟು ಒತ್ತಿಯಾದ ಮೇಲೆ ಜಾಲಿ ಮರದ ಕೆಳಗೆ ಕುಳಿತೆವು.

"ಯಾವತ್ತಾದರೂ ಜೂಜಾಡಿದ್ದೀರಾ ಅಜ್ಜ?"

"ಇಲ್ಲ."

"ಇಸ್ಪೀಟು?"

"ಅದು ಆಡಿದೀನಿ. ಯುಗಾದಿ ಆಟಾನ ಯಾರಾದ್ರೂ ಜೂಜು ಅಂತಾರೇನು? ಹಬ್ಬಕ್ಕೆ ಎಲ್ರೂ ಆಡ್ತಾರೆ."

"ಹಬ್ಬ ಎಷ್ಟು ದಿನ?"

ಅಜ್ಜ ಕೋಲಿನ ತುದಿಯಿಂದ ಮಣ್ಣು ಕೆದಕಿದ. "ಊರಿಗೆ ಮೂರು ದಿನ. ನಂಗೆ ಹನ್ನೊಂದು ವರ್ಷ ನಡೀತು."

"ಯಾವಾಗ ಮುಗೀತು?"

"ರೊಪ್ಪ ಖಾಲಿ ಆದಾಗ."

ಅಂದರೆ ಕುರಿ ಕೂಡುವ ಬೇಲಿಯೊಳಗೆ ಒಂದೂ ಉಳಿಯದಾದಾಗ. ಹುಣಸೆ ಮರದ ಕೆಳಗೆ ಅಂದರ್ ಬಾಹರ್ ನಡೆಯುತ್ತಿತ್ತಂತೆ. ಕೈಯಲ್ಲಿದ್ದದ್ದು ಮುಗಿದರೆ ಮಾತಿನ ಮೇಲೆ ಒಂದು ಕುರಿ ಕಟ್ಟುವುದು, ಬೆಳಿಗ್ಗೆ ಗೆದ್ದವನು ಬಂದು ತನಗೆ ಬೇಕಾದ್ದನ್ನು ಆರಿಸಿಕೊಂಡು ಹೋಗುವುದು. ನನ್ನ ಪ್ರಶ್ನೆಗಳ ಪಟ್ಟಿಯಲ್ಲಿ ಹೀಗೆ ಸೋತದ್ದರ ಲೆಕ್ಕಕ್ಕೊಂದು ಚೌಕವಿತ್ತು.

"ಒಟ್ಟು ಎಷ್ಟು ಕುರಿ ಹೋದವು?"

ಅಜ್ಜ ಹೇಳತೊಡಗಿದ. ಕರಿ ಮೂತಿಯ ಒಂದು, ಅದರ ತಂಗಿ. ಕುಂಟುತ್ತಿದ್ದ ಟಗರು. ನೀರು ಕಂಡರೆ ಹೆದರುತ್ತಿದ್ದ ಒಂದು. ಅವಳಿ ಹಾಕಿ ಒಂದಕ್ಕೆ ಮಾತ್ರ ಹಾಲು ಕೊಡುತ್ತಿದ್ದ ಗಯ್ಯಾಳಿ. ಸೂರ್ಯ ನೆತ್ತಿಗೆ ಬಂದರೂ ಮುಗಿಯಲಿಲ್ಲ.

"ಅಜ್ಜ, ಅಂದಾಜು ಒಂದು ನಂಬರ್ ಹೇಳ್ರಿ ಸಾಕು."

"ನಾನು ಎಣಿಸಲ್ಲ ಸಾಮಿ."

"ಎಣಿಸದೆ ಕಾಯೋದು ಹೆಂಗೆ?"

"ನಿಮ್ಮನೇಲಿ ಉಣ್ಣಕ್ಕೆ ಕೂತಾಗ ಎಣಿಸ್ತೀಯೇನು? ಯಾರಿಲ್ಲ ಅಂತ ಗೊತ್ತಾಗಲ್ವ?"

ನಾನು ಚೌಕದಲ್ಲಿ 'ಗೊತ್ತಿಲ್ಲ' ಎಂದು ಬರೆದೆ. ಆ ಹಾಳೆಯಲ್ಲಿ ನಾನು ಬರೆದ ಅತಿ ದೊಡ್ಡ ಸುಳ್ಳು ಅದು. ಗೆದ್ದ ಕುರಿಗಳ ಬಗ್ಗೆಯೂ ಕೇಳಿದೆ. ಜೂಜಾಡುವವರು ಗೆಲುವನ್ನು ನೆನಪಿಟ್ಟು ಸೋಲನ್ನು ಮರೆಯುತ್ತಾರೆ ಎಂದು ನಮಗೆ ಪಾಠವಾಗಿತ್ತು. ಅಜ್ಜನದು ತಿರುಗಾಮುರುಗ. "ಗೆದ್ದವುಗಳ ಮುಖ ನೆಪ್ಪಿಲ್ಲ. ಅವು ನನ್ನವಲ್ಲವಲ್ಲ."

ಆಮೇಲೆ ಆ ಪ್ರಶ್ನೆ ಬಂತು. ನಿಮ್ಮ ಆಟದಿಂದ ಮನೆಯಲ್ಲಿ ಬೇರೆ ಯಾರಿಗಾದರೂ ತೊಂದರೆ ಆಗಿದೆಯೇ? ಹೌದು ಅಥವಾ ಇಲ್ಲ.

ಅಜ್ಜ ಎದ್ದು ಹೋದ. ಹಿಂಡನ್ನು ಹೊಲದಂಚಿನಿಂದ ತಿರುಗಿಸಿ, ಬೇಕಿಲ್ಲದಿದ್ದರೂ ಇನ್ನೊಂದು ಸುತ್ತು ಹೊಡೆದು ಬಂದು ಕುಳಿತ.

ಅವನಿಗೆ ಒಬ್ಬಳೇ ಮಗಳು. ಅವಳು ಚಿಕ್ಕವಳಿದ್ದಾಗ ಒಂದು ಹೆಣ್ಣು ಮರಿಯನ್ನು ಅವಳ ಹೆಸರಿಗೆ ಬಿಟ್ಟಿದ್ದ. ಅವರ ಕಡೆ ಅದು ಪದ್ಧತಿ. ಆ ಮರಿ, ಅದಕ್ಕೆ ಹುಟ್ಟುವುದೆಲ್ಲ ಹುಡುಗಿಯದು, ಮದುವೆಯಾದಾಗ ಅವಳ ಹಿಂದೆ ಹೋಗಬೇಕು. ಮರಿಗೆ ಒಂದು ಕಣ್ಣಿನ ಸುತ್ತ ಮಾತ್ರ ಕಪ್ಪು. ಮಗಳು ಅದನ್ನು ಕಾಡಿಗಿ ಎಂದು ಕರೆಯುತ್ತಿದ್ದಳು. ಅವಳ ಮದುವೆಗೆ ಮೊದಲಿನ ಯುಗಾದಿಯಲ್ಲಿ ಅಜ್ಜ ಕಾಡಿಗಿಯನ್ನೇ ಕಟ್ಟಿ ಸೋತ. ಅದು ಆಗ ಗಬ್ಬವಾಗಿತ್ತು. ಮಗಳಿಗೆ ತೋಳ ಹಿಡೀತು ಎಂದು ಹೇಳಿದ. ಅವಳು ಬರಿಗೈಯಲ್ಲಿ ಗಡಿಯಾಚೆಯ ಆಂಧ್ರದ ಹಳ್ಳಿಗೆ ಹೋದಳು.

"ಗೆದ್ದೋರು ಯಾರಜ್ಜ?"

ಅಜ್ಜ ಮೇಯುತ್ತಿದ್ದ ಹಿಂಡಿನ ಕಡೆ ಗದ್ದ ಎತ್ತಿದ. ಅವನು ಕೂಲಿಗೆ ಕಾಯುತ್ತಿದ್ದದ್ದು ಆಟದಲ್ಲಿ ಗೆದ್ದ ಅದೇ ಯಜಮಾನನ ಹಿಂಡು. ಅದರೊಳಗೆ ನಾಲ್ಕು ಕುರಿಗಳಿಗೆ ಒಂದು ಕಣ್ಣಿನ ಸುತ್ತ ಕಪ್ಪಿತ್ತು.

"ಕಾಡಿಗಿ ಮಗಳು ಅದು. ಅವು ಮೂರೂ ಮೊಮ್ಮಕ್ಕಳು. ಬೇರೆ ಕಡೆ ಕೂಲಿ ಜಾಸ್ತಿ ಕೊಡ್ತಿದ್ರು. ಹೋಗಲಿಲ್ಲ."

ಆರು ತಿಂಗಳ ನಂತರ ಎರಡನೇ ಸುತ್ತಿಗೆ ಹೋದಾಗ ಅಜ್ಜನೇ ನನ್ನನ್ನು ಪ್ರಶ್ನೆ ಕೇಳಿದ.

"ಅವತ್ತು ನಾನು ಹೇಳಿದ್ದು ಐತಾ ಕಾಗದದಾಗೆ?"

"ಐತೆ ಅಜ್ಜ."

"ಓದು ಮತ್ತೆ. ಮಗಳ ವಿಷಯ ಓದು."

ಹಳೆಯ ಉತ್ತರಗಳ ಪ್ರತಿ ಚೀಲದಲ್ಲಿತ್ತು. ನಾನು ಆ ಪ್ರಶ್ನೆಯನ್ನು ಹುಡುಕಿದೆ. "ಒಂದು" ಎಂದೆ.

"ಏನು ಒಂದು?"

"ಹೌದು ಅನ್ನೋದಕ್ಕೆ ಒಂದು ಅಂತ ಹಾಕ್ತೀವಿ. ಇಲ್ಲ ಅಂದ್ರೆ ಎರಡು."

ಅಜ್ಜ ನನ್ನ ಕೈಯಿಂದ ಹಾಳೆ ಇಸಿದುಕೊಂಡು ತಿರುಗಿಸಿ ಮುರುಗಿಸಿ ನೋಡಿದ. ಅವನಿಗೆ ಓದು ಬರುತ್ತಿರಲಿಲ್ಲ. ಆದರೂ ಹಿಂದೆ ಮುಂದೆ ನೋಡಿದ. "ಅಷ್ಟು ಹೇಳಿದ್ನಲ್ಲೋ. ಒಂದಾ?"

ತನ್ನ ಮಾತೆಲ್ಲ ಅಲ್ಲಿ ಬರೆದಿದೆ, ಮಗಳು ಬಂದಾಗ ನನ್ನಿಂದ ಅದನ್ನು ಓದಿಸಬಹುದು ಎಂದು ಆರು ತಿಂಗಳು ಕಾದಿದ್ದನಂತೆ. ತಾನೇ ಹೇಳಲು ಬಾಯಿ ಬಂದಿರಲಿಲ್ಲ. ಹೇಳದೆ ಸಾಯಲು ಮನಸ್ಸಿರಲಿಲ್ಲ. ಹೇಳಿದರೆ ವರ್ಷಕ್ಕೊಮ್ಮೆ ಬರುವವಳೂ ಬರುವುದನ್ನು ನಿಲ್ಲಿಸಿಬಿಟ್ಟರೆ ಎಂಬ ಭಯ.

"ಭಾನುವಾರ ಬರ್ತಾಳೆ, ನೆಂಟರ ಮದುವೆಗೆ. ನೀನು ಬಂದು ಇದೇ ಪ್ರಶ್ನೆ ಕೇಳು. ಅವಳು ಪಕ್ಕದಾಗೆ ಕೂತಿರ್ಲಿ."

"ಹಂಗೆ ಬರಲ್ಲ ಅಜ್ಜ. ಬೇರೆಯವರ ಮುಂದೆ ಕೇಳೋ ಹಂಗಿಲ್ಲ. ನಿಮ್ಮ ಗುಟ್ಟು ನಾವು ಕಾಪಾಡಬೇಕು."

"ಗುಟ್ಟು ನಿಂಗೆ ಬೇಕಾಗಿರೋದು. ನಂಗೆ ಸಾಕಾಗೈತೆ."

ಭಾನುವಾರ ನಾನು ಹೋದೆ. ಇಳಿದು ವಾಪಸಾಗೋಣ ಎಂದು ಬಸ್ಸಿನಲ್ಲಿ ಎರಡು ಸಲ ಅನ್ನಿಸಿತ್ತು. ಮಗಳು ಮದುವೆಯ ಸೀರೆಯಲ್ಲೇ ಜಾಲಿ ಮರದ ಕೆಳಗೆ ಕುಳಿತಿದ್ದಳು. ನಾನು ಯಾರೋ ಪಿಂಚಣಿ ಮಾಡಿಸಿಕೊಡುವವನು ಎಂದುಕೊಂಡಿದ್ದಳು. ಮೊದಲಿನಿಂದ ಎಲ್ಲ ಪ್ರಶ್ನೆಗಳನ್ನೂ ಕೇಳುತ್ತಾ ಬಂದೆ. ಆ ಪ್ರಶ್ನೆಗೆ ಬಂದಾಗ ನನ್ನ ದನಿಯೇ ನನಗೆ ಬೇರೆಯವರದು ಅನ್ನಿಸಿತು.

ಅಜ್ಜ ನನ್ನ ಮುಖವನ್ನೇ ನೋಡುತ್ತಾ ಹೇಳಿದ. "ಹೌದು. ನನ್ನ ಮಗಳಿಗೆ. ಕಾಡಿಗೀನ ತೋಳ ಹಿಡೀಲಿಲ್ಲ. ಆಟದಾಗೆ ಕಟ್ಟಿದ್ದೆ."

ಮಗಳು ಅವನ ಕಡೆ ತಿರುಗಿದಳು.

"ಯಪ್ಪಾ, ಆ ತೋಳಕ್ಕೆ ನಾನು ಎಷ್ಟು ಶಾಪ ಹಾಕಿದೀನಿ ಗೊತ್ತೇನು?"

"ಹಾಕಿದ್ದೆಲ್ಲ ಬಂದು ಮುಟ್ಟೈತೆ ಬಿಡವ್ವ."

ಅವಳು ನಗಲಿಲ್ಲ, ಅಳಲೂ ಇಲ್ಲ. ಎದ್ದು ಸೀರೆ ಎತ್ತಿ ಕಟ್ಟಿಕೊಂಡು ಹಿಂಡಿನೊಳಗೆ ನಡೆದಳು. ಅಪ್ಪನನ್ನು ಕೇಳದೆಯೇ ಆ ನಾಲ್ಕನ್ನೂ ಒಂದೊಂದಾಗಿ ಹಿಡಿದು ಮುಖ ನೋಡಿದಳು. ಆಮೇಲೆ ಅತ್ತಲಿಂದ ಅತ್ತಲೇ ರಸ್ತೆಗೆ ಹೋಗಿ ಬಸ್ಸಿಗೆ ಕೈ ಮಾಡಿದಳು. ಅಜ್ಜ ಬಸ್ಸು ಮರೆಯಾಗುವ ತನಕ ನಿಂತಿದ್ದ. ನನಗೆ ಹೇಳಿದ್ದು ಇಷ್ಟೇ: "ಇನ್ನೂ ಎಷ್ಟು ಪ್ರಶ್ನೆ ಅವೆ? ಕೇಳು."

ನಡೆದದ್ದನ್ನು ನಾನು ಮೇಲಿನವರಿಗೆ ವರದಿ ಮಾಡಿದೆ. ಇನ್ನೊಬ್ಬರ ಎದುರಿಗೆ ಕೊಟ್ಟ ಉತ್ತರ ನಂಬಲು ಬರುವುದಿಲ್ಲ ಎಂದು ಅಜ್ಜನ ಹಾಳೆಗಳನ್ನು ತೆಗೆದುಹಾಕಿದರು. ನಿಯಮದ ಪ್ರಕಾರ ಅದು ಸರಿ. ನಮ್ಮ ವರದಿಯಲ್ಲಿ ಅಜ್ಜ ಇಲ್ಲ.

ಎರಡು ವರ್ಷದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. "ಸಾರ್, ಬರಿಯೋ ಸಾಮಿ ಅಂದ್ರೆ ನೀವೇನಾ? ಅಪ್ಪ ಹೋದ. ಹೋಗಿ ಹದಿನೈದು ದಿನ ಆತು." ಮೊದಲ ದಿನ ನಾನು ಕೊಟ್ಟಿದ್ದ ಮಾಹಿತಿ ಹಾಳೆಯನ್ನು ಅಜ್ಜ ಮಡಿಸಿ ಎಲೆಯಡಿಕೆ ಚೀಲದಲ್ಲಿ ಇಟ್ಟುಕೊಂಡಿದ್ದನಂತೆ. ನನ್ನ ನಂಬರು ಅದರಲ್ಲಿತ್ತು.

ಕೇಳಲೋ ಬೇಡವೋ ಎನ್ನುತ್ತಲೇ ಕೇಳಿದೆ. "ಆಮೇಲೆ ನೀವು ಅವರ ಜೊತೆ ಮಾತಾಡಿದ್ರಾ?"

"ಮಾರನೇ ವರ್ಷ ಅವನೇ ಬಂದ ಸಾರ್. ಕೂಲಿ ಬದಲು ಯಜಮಾನನ ಹತ್ರ ಒಂದು ಹೆಣ್ಣು ಮರಿ ಇಸ್ಕಂಡು, ಹೆಗಲ ಮೇಲೆ ಹಾಕ್ಕಂಡು ನಡ್ಕಂಡೇ ಬಂದ. ಬಸ್ಸಿಗೆ ಹತ್ತಿದ್ರೆ ಅದು ಹೆದರ್ತಿತ್ತಂತೆ. ಅದೇ ಕಣ್ಣು, ಅದೇ ಕಪ್ಪು."

"ಏನಂದ್ರಿ?"

"ಮಾತೇನಿಲ್ಲ. ಉಣ್ಣಕ್ಕಿಕ್ಕಿದೆ."

ಫೋನು ಇಡುವ ಮೊದಲು ಉಗುರಿನ ಬಗ್ಗೆ ಕೇಳಿದೆ. ಅವಳು ಅನುಮಾನವೇ ಇಲ್ಲದೆ ಬಲಗೈ ಎಂದಳು. "ಅಪ್ಪ ಎಡಚ ಅಲ್ವ ಸಾರ್. ಕತ್ರಿ ಎಡಗೈಯಾಗೆ ಹಿಡೀತಿದ್ದ." ಅವನು ಎಡಚ ಎನ್ನುವುದನ್ನು ನಾನು ನೋಡಿಯೇ ಇರಲಿಲ್ಲ. ಹಾಗಾದರೆ ಸೀಳಿನಲ್ಲಿ ಇಳಿದ ಆ ನೀಲಿ ಶಾಯಿ? ನಾನು ತಪ್ಪು ಕೈ ಒತ್ತಿಸಿಕೊಂಡೆನೋ, ಇಲ್ಲ ಶಾಯಿಯನ್ನು ಆಮೇಲೆ ನಾನೇ ಹಚ್ಚಿದೆನೋ. ಹೆಬ್ಬೆಟ್ಟಿನ ಹಾಳೆ ಎಲ್ಲಿದೆಯೋ ಗೊತ್ತಿಲ್ಲ. ಈ ಬರಹದಲ್ಲಿ ಇನ್ನೆಷ್ಟು ಶಾಯಿ ನನ್ನದು ಎಂಬುದೂ ಗೊತ್ತಿಲ್ಲ.

ಹೋದ ತಿಂಗಳು ಬೇರೆ ಕೆಲಸಕ್ಕೆ ರಾಂಪುರಕ್ಕೆ ಹೋದವನು ದೇವಸಮುದ್ರದ ಬಸ್ಸು ಹತ್ತಿಬಿಟ್ಟೆ. ಆ ಜಾಲಿ ಮರದ ಹತ್ತಿರ ಹಿಂಡು ಮೇಯುತ್ತಿತ್ತು. ಕಿಟಕಿಯಿಂದ ಒಂದು ಕಣ್ಣಿಗೆ ಕಪ್ಪಿದ್ದ ಕುರಿಗಳನ್ನು ಹುಡುಕಿದೆ. ನನ್ನ ಕಣ್ಣಿಗೆ ಎಲ್ಲವೂ ಒಂದೇ ಥರ. ಅಭ್ಯಾಸಬಲದಿಂದ ಎಣಿಸಲು ಶುರು ಮಾಡಿದೆ. ಏಳೋ ಎಂಟೋ ಆಗಿರಬೇಕು, ಹಿಂಡಿನ ಹಿಂದೆ ಕೋಲು ಹಿಡಿದು ನಿಂತಿದ್ದ ಹೊಸಬ ಕಾಣಿಸಿದ. ಎಣಿಸುವುದನ್ನು ಬಿಟ್ಟೆ. ಯಾರಿಲ್ಲ ಎಂದು ಗೊತ್ತಾಗಿತ್ತು.