ಎರಡು ಕೆನ್ನೆ ತೋರಿಸಿದ ಅಕ್ಕ

ಎರಡು ವರ್ಷದ ಹಿಂದಿನ ಮಾತು. ನನ್ನ ಮದುವೆ ಗೊತ್ತಾಗಿ ಸ್ವಲ್ಪ ದಿನವಾಗಿತ್ತು. ಬೈಲಹೊಂಗಲದ ಒಂದು ಫೋಟೋ ಸ್ಟುಡಿಯೋದಲ್ಲಿ ನನ್ನ ಕೆಲಸ. ಮದುವೆ ಆಲ್ಬಮ್ಮಿಗೆ ಬರುವ ಮುಖಗಳ ಕಲೆಗಳನ್ನು ಕಂಪ್ಯೂಟರಿನಲ್ಲಿ ಅಳಿಸುತ್ತಿದ್ದೆ. ನನ್ನ ಕೆನ್ನೆಗಳ ತುಂಬ ಮಾತ್ರ ಹರೆಯದ ಮೊಡವೆಗಳು ಬಿಟ್ಟುಹೋದ ಗುಂಡಿಗಳು. ಮುಖಕ್ಕೆ ಸ್ಕಾರ್ಫ್ ಸುತ್ತದೆ ಹೊಸ್ತಿಲು ದಾಟಿದವಳಲ್ಲ. ಕೊನೆಗೆ ಧೈರ್ಯ ಮಾಡಿ ಧಾರವಾಡದಲ್ಲಿ ಚರ್ಮದ ಡಾಕ್ಟರರ ಹತ್ತಿರ ಹೋದೆ.

ಅವರು ಎರಡು ಬಗೆಯ ಲೇಸರ್ ಬಗ್ಗೆ ಹೇಳಿದರು. ಒಂದು ಜೋರಿನದು. ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳನ್ನು ಸುಡುತ್ತದೆ; ಮುಖ ಕೆಂಪಾಗಿ, ಹಕ್ಕಳೆ ಕಟ್ಟಿ ಉದುರಿ, ಹೊಸ ಚರ್ಮ ಬರುತ್ತದೆ. ಇನ್ನೊಂದು ಮೆತ್ತನೆಯದು. ಮೇಲ್ಚರ್ಮ ಒಡೆಯದೆ ಒಳಗಷ್ಟೇ ಕಾವು ಕೊಡುತ್ತದೆ. ಹೆಚ್ಚು ಸಲ ಬರಬೇಕು, ಗುಣ ನಿಧಾನ.

“ಜೋರಿಂದನ ಮಾಡ್ರಿ ಸರ್, ಮದುವಿ ಹತ್ರ ಬಂದೈತಿ” ಎಂದೆ.

“ನಿಮ್ಮಂಥಾ ಬಣ್ಣದ ಚರ್ಮಕ್ಕ ಅದು ಕಪ್ಪ ಕಲಿ ಬಿಡಬಹುದು. ಬಿಸಲಿಗೆ ಹೋಗಂಗಿಲ್ಲ. ಮತ್ತ ಯಾವದು ಮಾಡಿದ್ರೂ ಗುಂಡಿ ಪೂರಾ ಹೋಗಂಗಿಲ್ರಿ. ಹೊರಗ ಕುಂತು ವಿಚಾರ ಮಾಡ್ರಿ” ಎಂದರು.

ಹೊರಗೆ ಬಂದು ಕುಳಿತರೆ ಕಣ್ಣು ತುಂಬಿಕೊಂಡಿತು. ಪಕ್ಕದಲ್ಲಿ ತಲೆಯ ಮೇಲೆ ಸೆರಗು ಹೊದ್ದು, ಮಾಸ್ಕ್ ಹಾಕಿಕೊಂಡ ಒಬ್ಬ ಹೆಂಗಸು ಕುಳಿತಿದ್ದರು. “ಯಾಕ ತಂಗಿ, ಅಳಾಕ ಹತ್ತಿ?” ಎಂದು ಕೇಳಿದರು. ಎಲ್ಲ ಹೇಳಿದೆ. ಅವರು ಎದ್ದು, “ಬಾ, ಬೆಳಕಿಗೆ ಬಾ” ಎಂದು ನನ್ನ ಮಣಿಕಟ್ಟು ಹಿಡಿದು ಬಾಲ್ಕನಿಗೆ ಕರೆದೊಯ್ದರು.

ಹೆಸರು ಹಸೀನಾ, ಊರು ಉಗರಗೋಳ. ಎಲ್ಲಮ್ಮನ ಗುಡ್ಡಕ್ಕೆ ಬರುವವರಿಗೆ ಬಳೆ ಮಾರುತ್ತಾರಂತೆ. ಮಾಸ್ಕ್ ಇಳಿಸಿದರು. ಅವರದೂ ಮೊಡವೆ ಗುಂಡಿಗಳೇ. ಬಲಗೆನ್ನೆಗೆ ಮೊದಲು ಬೇರೆ ಊರಲ್ಲಿ ಜೋರಿನ ಲೇಸರ್ ಆಗಿತ್ತು. ಎಡಗೆನ್ನೆಗೆ ಆಮೇಲೆ ಇಲ್ಲಿ ಮೆತ್ತನೆಯದು.

“ಕಣ್ಣ ಮುಚ್ಚಿ ಮುಟ್ಟಿ ನೋಡು” ಎಂದರು.

ನಾನು ಹಿಂಜರಿದಾಗ ಅವರೇ ನನ್ನ ಬೆರಳುಗಳನ್ನು ತಮ್ಮ ಕೆನ್ನೆಯ ಮೇಲಿಟ್ಟುಕೊಂಡರು. ಎಡಗಡೆ ಗುಂಡಿಗಳು ಇನ್ನೂ ಬೆರಳಿಗೆ ಸಿಗುತ್ತಿದ್ದವು. ಬಲಗಡೆ ಹೆಚ್ಚುಕಡಿಮೆ ನುಣುಪು.

“ಈ ಕೆನ್ನಿ ಭಾಳ ಚಲೋ ಆಗೇತ್ರಿ ಅಕ್ಕಾರ!”

“ಈಗ ಕಣ್ಣ ತಗಿ.”

ಬಲಗೆನ್ನೆಯ ಮೇಲೆ ಚಹಾ ಚೆಲ್ಲಿದಂತೆ ಕಂದು ನೆರಳು. ಎಡಗೆನ್ನೆ ತನ್ನ ಸ್ವಂತ ಬಣ್ಣದಲ್ಲೇ ತಿಳಿಯಾಗಿತ್ತು.

“ಬಳಿ ಮಾರಾಕ ಬಿಸಲಾಗ ಕುಂದ್ರಬೇಕಲ್ಲ. ಎಷ್ಟೋ ದಿವ್ಸ ಇದ್ದಲಿ ಬಳದಂಗ ಇತ್ತು, ಈಗ ತಿಳಿ ಆಗೇತಿ. ಅದಕ್ಕ ಈ ಕೆನ್ನಿಗೆ ಮೆತ್ತಂದು ಮಾಡಿಸಿದೆ. ಹಂಗಂತ ಅದು ಕೆಟ್ಟದ್ದಲ್ಲ. ನೆರಳಾಗ ಇರಾಕ ಆಗತೈತಿ ಅಂದ್ರ ಮಾಡಸು, ಇಲ್ಲಾಂದ್ರ ಮೆತ್ತಂದು.”

ನಾನು ಬೆರಗಾಗಿ ನಿಂತಿದ್ದೆ. ಕೆಳಗೆ ರಸ್ತೆಯ ತುಂಬ ಜನ. ಹಾಡಹಗಲ ಬೆಳಕಿನಲ್ಲಿ ಈ ಹೆಂಗಸು, ಗಿರಾಕಿಗೆ ಬಳೆ ತಿರುವಿ ತೋರಿಸುವಷ್ಟು ಸಲೀಸಾಗಿ, ಪರಿಚಯವೇ ಇಲ್ಲದ ನನಗೆ ತಮ್ಮ ಮುಖವನ್ನು ಆ ಕಡೆ ಈ ಕಡೆ ತಿರುಗಿಸಿ ತೋರಿಸುತ್ತಿದ್ದರು.

“ನಿಂದೂ ತೋರಸು” ಎಂದರು. ಸ್ಕಾರ್ಫ್ ಬಿಚ್ಚಿದೆ. ಅವರು ಅಂಗೈಯನ್ನು ನನ್ನ ಕೆನ್ನೆಗೆ ಒತ್ತಿ ಹಿಡಿದು ಮೆಲ್ಲಗೆ ಕೇಳಿದರು: “ಮೊಡವಿ ಎದ್ದಾಗ ಭಾಳ ನೋವಾಗಿತ್ತೇನ ನಿನಗ?”

ಅಲ್ಲಿವರೆಗೆ ಯಾರೂ ಅದನ್ನು ಕೇಳಿರಲಿಲ್ಲ.

ಮದುವೆಯ ಓಡಾಟದಲ್ಲಿ ಬಿಸಿಲು ತಪ್ಪುವಂತಿರಲಿಲ್ಲ; ನಾನು ಮೆತ್ತನೆಯದನ್ನೇ ಆರಿಸಿಕೊಂಡೆ. ಮದುವೆಯ ಹೊತ್ತಿಗೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಿರಲಿಲ್ಲ. ಗುಂಡಿಗಳ ಸಮೇತ ಅಕ್ಷತೆ ಹಾಕಿಸಿಕೊಂಡೆ. ಆಮೇಲೂ ಬಿಡದೆ ಲೇಸರಿಗೆ ಹೋದದ್ದರಿಂದ ಅವು ಈಗ ಅರ್ಧದಷ್ಟು ತುಂಬಿವೆ. ಚರ್ಮ ತನ್ನನ್ನು ತಾನೇ ಒಳಗಿನಿಂದ ಕಟ್ಟಿಕೊಳ್ಳುವುದು ಕಂಡು ಇವತ್ತಿಗೂ ಅಚ್ಚರಿ. ಆದರೆ ಅದಕ್ಕಿಂತ ದೊಡ್ಡ ಅಚ್ಚರಿ ಹಸೀನಾ ಅಕ್ಕನದು. ನನ್ನ ಮುಖ ನೋಡಿ ಮದ್ದು ಹೇಳಿದವರು ಎಷ್ಟೋ ಜನ. ತಮ್ಮ ಮುಖವನ್ನೇ ನನ್ನ ಕೈಗೆ ಕೊಟ್ಟವರು ಅವರೊಬ್ಬರೇ.